ಪರಮಪೂಜ್ಯ ಕಪ್ಲಿಂಗ್ ಮಹಾಶಯರ ಸನ್ನಿಧಾನಕ್ಕೆ

ಶ್ರೀಮನ್ಮಹಾ ಅಲ್ಯೂಮಿನಿಯಂ ದೇಹಧಾರಿಗಳೂ, ಮೋಟಾರು ಮತ್ತು ಬಾಲ್‌ಸ್ಕ್ರೂ ಎಂಬ ಎರಡೂ ಮನೆತನಗಳಿಗೆ ಏಕೈಕ ಬಂಧುಗಳೂ ಆದ ಫ್ಲೆಕ್ಸಿಬಲ್ ಕಪ್ಲಿಂಗ್ ಮಹಾಶಯರ ಪಾದಾರವಿಂದಗಳಿಗೆ ಅರಸೀಕೆರೆಯಿಂದ ತಮ್ಮ ವಿಧೇಯ ಭಕ್ತನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯಕುಶಲೋಪರಿ ಸಾಂಪ್ರತ. ತಮಗೆ ಪಾದಗಳಿಲ್ಲ, ಇರುವುದು ಆ ಕಡೆ ಒಂದು ತೂತು ಈ ಕಡೆ ಒಂದು ತೂತು ಎಂಬುದನ್ನು ಬಲ್ಲೆ. ಆ ತೂತುಗಳ ವಿಚಾರವಾಗಿಯೇ ಈ ಪತ್ರ.

ಬಹಿರಂಗ ಪತ್ರವಾದ್ದರಿಂದ ತಮ್ಮ ಮಹಿಮೆ ಅರಿಯದವರೂ ಓದುತ್ತಾರೆ. ಅವರಿಗಾಗಿ ಎರಡು ಮಾತು, ಅಪ್ಪಣೆಯಾಗಲಿ. ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಹಳೇ ಮಿಲ್ಲಿಂಗ್ ಮಷಿನ್ ಇದೆ. ಪೀಣ್ಯದಲ್ಲಿ ಬಾಗಿಲು ಹಾಕಿದ ಸಣ್ಣದೊಂದು ವರ್ಕ್‌ಶಾಪಿನಿಂದ ಗುಜರಿ ರೇಟಿಗೆ ತೂಗಿಸಿ ತಂದದ್ದು. ಅದರ ಕೈಚಕ್ರ ಬಿಚ್ಚಿ, ಒಳಗಿನ ಸವೆದ ಲೀಡ್‌ಸ್ಕ್ರೂ ತೆಗೆದು, ಆ ಜಾಗಕ್ಕೆ ಬಾಲ್‌ಸ್ಕ್ರೂ ಹಾಕಿ, ತುದಿಗೊಂದು ಸ್ಟೆಪ್ಪರ್ ಮೋಟಾರು ಕೂರಿಸಿದರೆ ಕಂಪ್ಯೂಟರ್ ಹೇಳಿದಂತೆ ಕೇಳುವ ಸಿಎನ್‌ಸಿ ತಯಾರು. ತೆಂಗಿನಕಾಯಿ ಸುಲಿಯುವ ಮಷಿನ್ನುಗಳಿಗೆ ಬುಷ್ಷು, ಪ್ಲೇಟು ಮಾಡಿಕೊಡುವ ನನ್ನಂಥವನಿಗೆ ಅದೇ ದೊಡ್ಡ ಕಾರ್ಖಾನೆ. ಬಾಲ್‌ಸ್ಕ್ರೂ ಎಂದರೆ 16 ಮಿ.ಮೀ. ದಪ್ಪದ, ಒಂದು ಸುತ್ತಿಗೆ 5 ಮಿ.ಮೀ. ಮುಂದೆ ಹೋಗುವ ಉಕ್ಕಿನ ಸ್ಕ್ರೂ. ಅದರ ನಟ್ಟಿನೊಳಗೆ ಗುಂಡುಗಳು ಉರುಳುತ್ತ ಹೋಗಿ, ಒಂದು ಅಡ್ಡದಾರಿಯಲ್ಲಿ ಹೊರಟಲ್ಲಿಗೇ ಮರಳುತ್ತವೆ. ಕೊಬ್ಬರಿ ಹೊರುವ ಹಳೇ ಲಾರಿಗಳ ಸ್ಟೇರಿಂಗ್ ಬಾಕ್ಸಿನೊಳಗೂ ಇದೇ ಉಪಾಯ. ಇನ್ನು ಮೋಟಾರು. ಅದು ಹೆಜ್ಜೆಗೆ 1.8 ಡಿಗ್ರಿಯಂತೆ 200 ಹೆಜ್ಜೆಗೆ ಒಂದು ಸುತ್ತು ತಿರುಗುತ್ತದೆ. ಅಂದರೆ ಒಂದು ಹೆಜ್ಜೆಗೆ ಟೇಬಲ್ಲು 0.025 ಮಿ.ಮೀ. ಸರಿಯಬೇಕು. ಆ ಮೋಟಾರಿಗೂ ಈ ಸ್ಕ್ರೂವಿಗೂ ನಡುವೆ, ಹೆಬ್ಬೆರಳಿನಷ್ಟು ಗಾತ್ರದಲ್ಲಿ, ತಾವು ವಿರಾಜಮಾನರಾಗಿದ್ದೀರಿ.

ಇಡೀ ಮಷಿನ್ನಿನಲ್ಲಿ ಅತ್ಯಂತ ಅಗ್ಗದವರು ತಾವೇ. ಇದನ್ನು ಹೀಯಾಳಿಸಿ ಹೇಳುತ್ತಿಲ್ಲ, ತಮ್ಮ ಸರಳತೆಯನ್ನು ಕೊಂಡಾಡುತ್ತಿದ್ದೇನೆ. ನಮ್ಮೂರ ಕೊಬ್ಬರಿ ಮಂಡಿಯಲ್ಲಿ ಬೆಳೆದವನಿಗೂ ಕೊಳ್ಳುವವನಿಗೂ ನಡುವೆ ಒಬ್ಬರು ದಲ್ಲಾಳಿಗಳು ನಿಂತಿರುತ್ತಾರಲ್ಲ, ತಮ್ಮದು ಅದೇ ಉದ್ಯೋಗ. ಮೋಟಾರು ಕೊಟ್ಟದ್ದನ್ನು ಸ್ಕ್ರೂವಿಗೆ ತಲುಪಿಸುವುದು, ತಲುಪಿಸುವಾಗ ಒಂದಿಷ್ಟು ತಮ್ಮ ಕಡೆ ಇಟ್ಟುಕೊಳ್ಳುವುದು. ವ್ಯತ್ಯಾಸ ಇಷ್ಟೇ: ಮಂಡಿಯವರು ಚೀಟಿ ಬರೆದುಕೊಡುತ್ತಾರೆ. ತಾವು ಎಷ್ಟು ಇಟ್ಟುಕೊಂಡಿರಿ ಎಂಬುದು ಡಯಲ್ ಗೇಜು ತಂದು ಮುಳ್ಳು ನೋಡುವ ತನಕ ನರಪಿಳ್ಳೆಗೆ ಗೊತ್ತಾಗುವುದಿಲ್ಲ.

ಮೊದಲು ತಮ್ಮ ಔದಾರ್ಯದ ಮಾತು. ನನ್ನ ಮೋಟಾರಿನ ಶಾಫ್ಟು ಕಾಲು ಇಂಚು, ಅಂದರೆ 6.35 ಮಿ.ಮೀ. ಸ್ಕ್ರೂವಿನ ತುದಿ 10 ಮಿ.ಮೀ. ಒಬ್ಬರದು ಇಂಚಿನ ಕುಲ, ಇನ್ನೊಬ್ಬರದು ಮಿಲಿಮೀಟರಿನ ಕುಲ. ಇಬ್ಬರನ್ನೂ ಕೂಡಿಸುವವರು ತಾವೇ ಎಂದು ನಂಬಿ, 6.35 ಮತ್ತು 10 ಎಂದು ದಪ್ಪ ಅಕ್ಷರದಲ್ಲಿ ಬರೆದು ಆರ್ಡರು ಹಾಕಿದೆ. ಪೊಟ್ಟಣದ ಮೇಲೂ ಅದೇ ಅಂಕಿ ಅಚ್ಚಾಗಿತ್ತು. ಒಳಗಿದ್ದ ತಾವು ಮಾತ್ರ ಕಾಲು ಇಂಚಿನ ಕಡೆ ಆರೂವರೆ ಮಿಲಿಮೀಟರಿಗೂ ತುಸು ಮಿಕ್ಕಿ ಬಾಯಿ ಬಿಟ್ಟುಕೊಂಡು ಬಂದಿದ್ದಿರಿ. ಯಾವ ಶಾಫ್ಟು ಬಂದರೂ ನಿರಾಸೆಯಾಗಬಾರದೆಂಬ ಈ ವಿಶಾಲ ಹೃದಯಕ್ಕೆ ಏನೆಂದು ಕೃತಜ್ಞತೆ ಹೇಳಲಿ! ಕೊನೆಗೆ ತಂಪು ಪಾನೀಯದ ಖಾಲಿ ಡಬ್ಬಿ ಕತ್ತರಿಸಿ, ಅದರ ತೆಳು ತಗಡನ್ನು ಶಾಫ್ಟಿಗೆ ಸುತ್ತಿ ತಮ್ಮನ್ನು ಕೂರಿಸಬೇಕಾಯಿತು. ಆ ತಗಡಿನ ದಪ್ಪ ಸುಮಾರು 0.1 ಮಿ.ಮೀ. ಲಕ್ಷಣವಾಗಿ ಹೊಂದಿತು. ಡಬ್ಬಿ ಮಾಡುವವರಿಗಿರುವ ಅಳತೆಯ ನಿಯತ್ತು ತಮ್ಮನ್ನು ಮಾಡುವವರಿಗೂ ಬರಲಿ ಎಂದು ಜೇನುಕಲ್ ಸಿದ್ದೇಶ್ವರನಿಗೆ ಹುಣ್ಣಿಮೆಯ ದಿನ ಒಂದು ಕಾಯಿ ಒಡೆಸಿದ್ದೇನೆ.

ತಮಗೆ ಆಸನ ಸಿದ್ಧಪಡಿಸುವ ಭಾಗ್ಯವೂ ಕಡಿಮೆಯದಲ್ಲ. ಬಾಲ್‌ಸ್ಕ್ರೂವಿನ ತುದಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡೆಯಬೇಕು. ಬೇರಿಂಗು ಕೂರಲು 12 ಮಿ.ಮೀ., ಆಮೇಲೆ ಲಾಕ್‌ನಟ್ಟಿಗೆ ಸಣ್ಣ ಮರೆ, ಕೊನೆಯಲ್ಲಿ ತಮ್ಮ ಶ್ರೀಪೀಠಕ್ಕೆ 10 ಮಿ.ಮೀ. ಸ್ಕ್ರೂವಿನ ಮೇಲ್ಮೈಯನ್ನು ಕಾಯಿಸಿ ಗಟ್ಟಿ ಮಾಡಿರುತ್ತಾರೆ, ಸಾಧಾರಣ ಟೂಲು ಅದರ ಮೇಲೆ ಕಿರುಚುತ್ತದೆ, ಚೂರೂ ಕೊರೆಯುವುದಿಲ್ಲ. ಗ್ರೈಂಡರಿನಲ್ಲಿ ಮೇಲಿನ ಸಿಪ್ಪೆ ಉಜ್ಜಿ ತೆಗೆದರೆ ಒಳಗಿನ ಮೆದು ಉಕ್ಕು ಸಿಗುತ್ತದೆ, ಅಲ್ಲಿಂದ ಕಾರ್ಬೈಡ್ ಟೂಲಿನ ಕೆಲಸ. ಕೆಲಸ ಒಪ್ಪಿಕೊಂಡ ಲೇತ್ ಅಂಗಡಿಯ ಯಜಮಾನರು ದೊಡ್ಡ ಮನುಷ್ಯರು. "ಆಗತ್ತೆ ಬಿಡಿ ಸಾರ್, ಇದೇನು ಮಹಾ" ಎಂದರು. ಅವರ ಹುಡುಗ ಅವರಿಗಿಂತ ದೊಡ್ಡ ಮನುಷ್ಯ. ಸ್ಕ್ರೂವನ್ನು ಚಕ್ಕಿಗೆ ಹಿಡಿಯಲು ನಟ್ಟು ಅಡ್ಡ ಬರುತ್ತದೆಂದು ಅದನ್ನು ಸರ್ರನೆ ತಿರುಗಿಸಿ ಹೊರಗೆ ತೆಗೆದೇಬಿಟ್ಟ. ನಟ್ಟನ್ನು ಬಿಚ್ಚುವಾಗ ಸ್ಕ್ರೂವಿನ ಮರೆಯ ಬುಡದಷ್ಟೇ ದಪ್ಪದ ಒಂದು ಕೊಳವೆಯ ಮೇಲೆ ಜಾರಿಸಬೇಕು, ಇಲ್ಲವಾದರೆ ಒಳಗಿನ 3.175 ಮಿ.ಮೀ. ಗುಂಡುಗಳು ತಮ್ಮ ದಾರಿ ತಾವು ನೋಡಿಕೊಳ್ಳುತ್ತವೆ. ನೋಡಿಕೊಂಡವು. ಲೇತಿನ ಕೆಳಗೆ ಕಬ್ಬಿಣದ ಸುರುಳಿ, ಎಣ್ಣೆ, ಬಾಗಿಲಿಂದ ಹಾರಿಬಂದ ತೆಂಗಿನ ನಾರಿನ ಧೂಳು. ಹುಡುಗ ಹಳೇ ಸ್ಪೀಕರಿನ ಅಯಸ್ಕಾಂತ ಹಿಡಿದು ನೆಲದ ಮೇಲೆ ಕವುಚಿ ಬಿದ್ದು ಹುಡುಕಿದ. ಅಯಸ್ಕಾಂತಕ್ಕೆ ಮೊದಲು ಸುರುಳಿ ಅಂಟಿತು, ಸುರುಳಿಗೆ ನಾರು ಅಂಟಿತು, ನಾರನ್ನು ಬಿಡಿಸಿದಾಗ ಅಲ್ಲೊಂದು ಇಲ್ಲೊಂದು ಗುಂಡು ಫಳಕ್ಕೆಂದು ಹೊಳೆಯಿತು. ತಮ್ಮ ಪಟ್ಟಾಭಿಷೇಕಕ್ಕೆ ಇಂಥ ಮುತ್ತಿನ ಸೇಸೆ ಬೇರಾರಿಗೆ ಸಿಕ್ಕೀತು?

ಈಗ ತಮ್ಮ ಮುಷ್ಟಿಯ ವಿಚಾರ. ಶಾಫ್ಟನ್ನು ಹಿಡಿದುಕೊಳ್ಳಲು ತಾವು ಎರಡು ಪುಟ್ಟ ಗ್ರಬ್ ಸ್ಕ್ರೂಗಳನ್ನು ಧರಿಸಿದ್ದೀರಿ. ಅವು ಶಾಫ್ಟಿನ ಮೈಗೆ ಚುಚ್ಚಿ ಕೂರುತ್ತವೆ, ಚುಚ್ಚಿದಲ್ಲಿ ಒಂದು ಗಾಯ, ಗಾಯದ ಸುತ್ತ ಎದ್ದ ಅಂಚು. ಕೆಲಸ ಮಾಡಬೇಕಾದಾಗ ಜಾರುತ್ತೀರಿ. ಬಿಚ್ಚಿ ತೆಗೆಯೋಣವೆಂದಾಗ ಅದೇ ಅಂಚಿಗೆ ಕಚ್ಚಿಕೊಂಡು ಸುತ್ತಿಗೆ ತಂದರೂ ಕದಲುವುದಿಲ್ಲ. ಹಿಡಿಯಬೇಕಾದಾಗ ವೈರಾಗ್ಯ, ಬಿಡಬೇಕಾದಾಗ ಮೋಹ! ತಮ್ಮ ದಾಯಾದಿಗಳಲ್ಲಿ ಸೀಳಿದ ಕತ್ತಿನವರೂ ಇದ್ದಾರೆ. ಬೋಲ್ಟು ಬಿಗಿದರೆ ಅವರು ಶಾಫ್ಟನ್ನು ಸುತ್ತಲೂ ಅಪ್ಪಿ ಹಿಡಿಯುತ್ತಾರೆ, ಚುಚ್ಚುವುದಿಲ್ಲ, ಗಾಯ ಮಾಡುವುದಿಲ್ಲ. ಅವರಿಗೆ ತಮಗಿಂತ ನಾಲ್ಕು ಕಾಸು ಹೆಚ್ಚು. ಆ ನಾಲ್ಕು ಕಾಸು ಉಳಿಸಿಕೊಟ್ಟ ತಮ್ಮ ಉಪಕಾರವನ್ನು ಈ ಜನ್ಮದಲ್ಲಿ ಮರೆಯಲಾರೆ.

ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದಲ್ಲಿ ನರಸಿಂಹ ಕಂಬ ಎಂಬುದೊಂದಿದೆ. ಅದು ಹಿಂದೆ ನಿಂತಲ್ಲೇ ತಿರುಗುತ್ತಿತ್ತು, ಈಗ ತಿರುಗುವುದಿಲ್ಲ ಎಂದು ಗೈಡುಗಳು ಹೇಳುತ್ತಾರೆ. ಪ್ರವಾಸಿಗರು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ತಮ್ಮ ಕೃಪೆಯಿಂದ ಆ ವೈಭವ ನನ್ನ ಶೆಡ್ಡಿಗೂ ಬಂದಿದೆ. ನನ್ನ ಸ್ಕ್ರೂ ಕೂಡ ಹಿಂದೆ ತಿರುಗುತ್ತಿತ್ತು, ಈಗ ತಿರುಗುವುದಿಲ್ಲ. ಮೋಟಾರು ತಿರುಗುತ್ತದೆ, ತಾವೂ ಅದರ ಜೊತೆ ತಿರುಗುತ್ತೀರಿ, ಕಂಪ್ಯೂಟರಿನ ಪರದೆಯ ಮೇಲೆ ಅಂಕಿಗಳು ಓಡುತ್ತವೆ, ಟೇಬಲ್ಲು ನಲವತ್ತು ಮಿಲಿಮೀಟರು ಹೋಯಿತೆಂದು ವರದಿಯೂ ಬರುತ್ತದೆ. ಸ್ಕ್ರೂ ಮಾತ್ರ ತಪಸ್ಸಿಗೆ ಕೂತಿರುತ್ತದೆ. ಟಿಕೆಟ್ಟು ಇಟ್ಟು ತೋರಿಸಬಹುದಾದ ವಿಸ್ಮಯ.

ಆ ದೇವಾಲಯ ಶುರುವಾದದ್ದು 1117ರಲ್ಲಿ, ವಿಷ್ಣುವರ್ಧನನ ಕಾಲದಲ್ಲಿ. ಅಲ್ಲಿ ಕೆಲಸ ಮಾಡಿದ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಾವು ಮಾಡಿದ ಶಿಲ್ಪಗಳ ಬುಡದಲ್ಲಿ ಹೆಸರು ಕೊರೆದಿದ್ದಾರೆ. ಒಂಬತ್ತು ಶತಮಾನ ಆದರೂ ಯಾರ ಕೆಲಸ ಎಂದು ಕೇಳಿದರೆ ಕಲ್ಲು ಉತ್ತರ ಹೇಳುತ್ತದೆ. ತಮ್ಮ ಮೈಮೇಲೆ ಹುಡುಕಿ ನೋಡಿದೆ. ಹೆಸರಿಲ್ಲ, ಊರಿಲ್ಲ. ವಿನಯಕ್ಕೂ ಒಂದು ಮಿತಿ ಬೇಡವೇ ಸ್ವಾಮಿ? ತಮ್ಮನ್ನು ಸೃಷ್ಟಿಸಿದ ಪುಣ್ಯಾತ್ಮರು ಯಾರೆಂದು ತಿಳಿದಿದ್ದರೆ ಈ ಪತ್ರದ ಒಂದು ಪ್ರತಿ ಅವರಿಗೂ ಹೋಗುತ್ತಿತ್ತು.

ತಾವು ಒಲಿಯಲಿಲ್ಲವೆಂದು ಊರಿನ ಹಾರ್ಡ್‌ವೇರ್ ಅಂಗಡಿಗೆ ಹೋಗಿ ತಮ್ಮ ದೊಡ್ಡಪ್ಪನವರನ್ನು ಕರೆತಂದದ್ದೂ ಉಂಟು. ಲವ್‌ಜಾಯ್ ಎಂದರೆ ಸಾಕು, ಅಂಗಡಿಯವರು ತಲೆ ಎತ್ತದೆ ತೆಗೆದುಕೊಡುತ್ತಾರೆ. ಎರಡು ಕಬ್ಬಿಣದ ದವಡೆ, ನಡುವೆ ನಕ್ಷತ್ರದಾಕಾರದ ರಬ್ಬರು. ಪಂಪಿಗೆ, ಹಿಟ್ಟಿನ ಗಿರಣಿಗೆ ತಲೆತಲಾಂತರದಿಂದ ದುಡಿದ ಮನೆತನ. ಪಂಪು ಒಂದೇ ದಿಕ್ಕಿಗೆ ತಿರುಗುತ್ತದೆ, ರಬ್ಬರು ಒಮ್ಮೆ ಒತ್ತಿಕೊಂಡರೆ ಸಂಜೆ ಕರೆಂಟು ಹೋಗುವ ತನಕ ಹಾಗೇ ಇರುತ್ತದೆ. ನನ್ನ ಮಷಿನ್ನು ಕ್ಷಣಕ್ಷಣಕ್ಕೂ ಹಿಂದೆಮುಂದೆ. ದಿಕ್ಕು ಬದಲಾದಾಗಲೆಲ್ಲ ದೊಡ್ಡಪ್ಪನವರು ಒಂದಿಷ್ಟು ಯೋಚನೆ ಮಾಡಿ ಆಮೇಲೆ ಹೊರಡುತ್ತಾರೆ. ಸಡಿಲವಾದ ರಬ್ಬರಿನಲ್ಲಿ ಐದು ಡಿಗ್ರಿ ಆಡಿದರೆ ಟೇಬಲ್ಲಿನ ಮೇಲೆ ಸುಮಾರು 0.07 ಮಿ.ಮೀ. ಕಳೆದುಹೋಗುತ್ತದೆ. ಒಂದು ತಲೆಗೂದಲ ದಪ್ಪ. ಕೂದಲೇ ತಾನೇ ಎನ್ನಬಹುದು. ದುಂಡಗೆ ಕೊರೆ ಎಂದು ಹೇಳಿ ಅಲ್ಯೂಮಿನಿಯಂ ತಟ್ಟೆ ಇಟ್ಟೆ. ಬಂದ ವೃತ್ತದ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ಯಾವುದಾದರೊಂದು ಅಕ್ಷ ದಿಕ್ಕು ಬದಲಿಸುವ ಆ ನಾಲ್ಕೇ ಜಾಗಗಳಲ್ಲಿ, ಉಗುರು ಆಡಿಸಿದರೆ ಟಕ್ಕೆಂದು ತಡೆಯುವ ಸಣ್ಣ ಮೆಟ್ಟಿಲು. ಬೇರಿಂಗು ಕೂರಿಸಲು ಹೋದರೆ ಎರಡು ಕಡೆ ಬಿಗಿ, ಎರಡು ಕಡೆ ಬೆಳಕು ಕಾಣುವಷ್ಟು ಸಡಿಲ.

ಆ ತಟ್ಟೆಯನ್ನು ಜೇಬಿನಲ್ಲಿಟ್ಟುಕೊಂಡು ಹಳೇಬೀಡಿಗೆ ಹೋಗಿದ್ದೆ. ಹೊಯ್ಸಳೇಶ್ವರ ದೇವಾಲಯದ ಒಳಗೆ ಲೇತಿನಲ್ಲಿ ಕಡೆದ ಕಂಬಗಳಿವೆ. ಕೆತ್ತಿದ್ದಲ್ಲ, ತಿರುಗಿಸಿ ಕಡೆದದ್ದು. ಬಳಪದ ಕಲ್ಲು, ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿಟ್ಟಂತೆಲ್ಲ ಗಡುಸು. ಕಂಬದ ನಡುವಿಗೆ ಸುತ್ತಿದ ಉಂಗುರಗಳ ಮೇಲೆ ಉಗುರು ಆಡಿಸಿ ನೋಡಿದೆ. ಎಲ್ಲೂ ತಡೆಯಲಿಲ್ಲ. ಕಿಟಕಿಯ ಜಾಲಂಧ್ರದಿಂದ ಬೆಳಕು ಬೀಳುವ ಕಡೆ ನಿಂತು ನೋಡಿದರೆ ಹೊಳಪು ಒಂದೇ ಗೆರೆಯಾಗಿ ಮೇಲಿಂದ ಕೆಳಕ್ಕೆ ಇಳಿಯುತ್ತದೆ, ವಕ್ರ ಇದ್ದರೆ ಆ ಗೆರೆ ಮುರಿಯಬೇಕಿತ್ತು. 2023ರಲ್ಲಿ ಯುನೆಸ್ಕೊದವರು ಬೇಲೂರು, ಸೋಮನಾಥಪುರದ ಜೊತೆ ಈ ದೇವಾಲಯವನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದರು. ಅವರು ಡಯಲ್ ಗೇಜು ತಂದಿದ್ದರೋ ಇಲ್ಲವೋ, ನನ್ನ ಉಗುರು ಮಾತ್ರ ಒಪ್ಪಿಗೆ ಕೊಟ್ಟಾಗಿತ್ತು. ಇದನ್ನು ತಮ್ಮ ಮನಸ್ಸಿಗೆ ನೋವಾಗಲೆಂದು ಹೇಳುತ್ತಿಲ್ಲ. ತಾವು ಇಲ್ಲದೆಯೂ ದುಂಡಗೆ ಮಾಡಿದವರು ನಮ್ಮ ಜಿಲ್ಲೆಯಲ್ಲಿ ಇದ್ದರು ಎಂದು ಸುಮ್ಮನೆ ಗಮನಕ್ಕೆ ತಂದೆ.

ತಮ್ಮ ಹೊಂದಾಣಿಕೆಯ ಗುಣವನ್ನು ಎಲ್ಲರೂ ಹೊಗಳುತ್ತಾರೆ. ಮೋಟಾರು, ಸ್ಕ್ರೂ ಒಂದೇ ರೇಖೆಯಲ್ಲಿ ಇಲ್ಲದಿದ್ದರೂ ತಮ್ಮ ಮೈಯ ಸುರುಳಿ ಸೀಳು ಬಳುಕಿ ಸರಿಪಡಿಸುತ್ತದಂತೆ. ಎಂಥ ಸಭ್ಯತೆ! ಆದರೆ ಪ್ರಭುಗಳೇ, ಓರೆಯಾಗಿದ್ದರೆ ತಾವು ಬಳುಕುತ್ತೀರಿ ನಿಜ, ಪಕ್ಕಕ್ಕೆ ಸರಿದಿದ್ದರೆ ತಮ್ಮ ಬಳಿ ಅಂಥ ಉತ್ತರವಿಲ್ಲ. ಪಕ್ಕಕ್ಕೆ ಸರಿದ ಶಾಫ್ಟುಗಳಿಗೆಂದೇ ಐರ್ಲೆಂಡಿನ ಜಾನ್ ಓಲ್ಡ್‌ಹ್ಯಾಮ್ ಎಂಬ ಎಂಜಿನಿಯರು 1821ರಲ್ಲೇ, ಚಕ್ರ ತಿರುಗಿಸಿ ನಡೆಯುವ ಉಗಿಹಡಗಿಗಾಗಿ, ನಡುವೆ ಜಾರುವ ಬಿಲ್ಲೆಯ ಕಪ್ಲಿಂಗ್ ಮಾಡಿದ್ದರು. ಇನ್ನೂರು ವರ್ಷದ ಹಿಂದೆ ಬಗೆಹರಿದ ವ್ಯಾಜ್ಯವನ್ನು ತಾವು ಮತ್ತೆ ಕೋರ್ಟಿಗೆ ತರುತ್ತಿದ್ದೀರಿ. ಅದಕ್ಕಿಂತ ಹೆಚ್ಚಾಗಿ, ತಾವು ಬಳುಕುವುದರಿಂದ ಯಾರೂ ಮೋಟಾರಿನ ಪ್ಲೇಟನ್ನು ನೇರ ಮಾಡುವ ಗೋಜಿಗೇ ಹೋಗುವುದಿಲ್ಲ. "ಫ್ಲೆಕ್ಸಿಬಲ್ ಅಲ್ವಾ ಸಾರ್, ಅಡ್ಜಸ್ಟ್ ಆಗತ್ತೆ." ಟೇಬಲ್ಲನ್ನು ಬೇರಿಂಗಿನ ಕಡೆಯ ಕೊನೆಗೆ ತಂದು, ಬೋಲ್ಟುಗಳನ್ನು ಸಡಿಲ ಬಿಟ್ಟು, ಸ್ಕ್ರೂ ತಾನಾಗಿ ತನ್ನ ನೆಲೆ ಹಿಡಿದ ಮೇಲೆ ಬಿಗಿಯಬೇಕು ಎಂಬುದು ಹಳೇ ಮೇಸ್ತ್ರಿಗಳಿಗೆಲ್ಲ ಗೊತ್ತು. ಆ ಅರ್ಧ ಗಂಟೆಯ ಶ್ರಮ ತಮ್ಮ ಹೆಸರು ಹೇಳಿ ಉಳಿಯುತ್ತದೆ. ಮುಂದೊಂದು ದಿನ ತಮ್ಮ ಸುರುಳಿಯ ಬುಡದಲ್ಲಿ ಕೂದಲೆಳೆಯ ಬಿರುಕು ಕಾಣಿಸಿದಾಗ ಬೈಗುಳ ಮಾತ್ರ ಮೋಟಾರಿಗೆ, ಸಾಫ್ಟ್‌ವೇರಿಗೆ. ತಮ್ಮ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಇಂಥ ಸೇವಾ ದಾಖಲೆ ಸರ್ಕಾರಿ ನೌಕರರಲ್ಲೂ ಅಪರೂಪ.

ಸ್ಕ್ರೂವನ್ನು ಹಿಂದೆಮುಂದೆ ದಬ್ಬುವ ಭಾರ ತಮ್ಮ ತಲೆಗೆ ಬರಕೂಡದು, ಅದಕ್ಕೆಂದೇ ತುದಿಯಲ್ಲಿ ಜೋಡಿ ಬೇರಿಂಗಿನ ದಿಮ್ಮಿ ಕೂರಿಸುವುದು ಎಂಬುದನ್ನು ಒಪ್ಪುತ್ತೇನೆ. ಆ ದಿಮ್ಮಿಯ ಖರ್ಚು ಉಳಿಸಹೋದವರ ಮನೆಯಲ್ಲಿ ತಾವು ಸ್ಪ್ರಿಂಗಿನಂತೆ ಹಿಗ್ಗಿ ಕುಗ್ಗುತ್ತೀರಂತೆ. ನನ್ನ ಮನೆಯಲ್ಲಿ ದಿಮ್ಮಿ ಇದೆ. ಆ ನೆಪ ತಮಗೆ ಸಲ್ಲದು.

ಇನ್ನೊಂದು ಉಪಕಾರವನ್ನು ಮಾತ್ರ ಎದೆ ತಟ್ಟಿಕೊಂಡೇ ಬರೆಯಬೇಕು. ಮಷಿನ್ನಿನ ತಲೆ, ಅಂದರೆ ಕಟರು ತಿರುಗುವ ಭಾಗ, ಮೇಲೆ ಕೆಳಗೆ ಹೋಗುವ ಸ್ಕ್ರೂವಿಗೂ ತಮ್ಮ ವಂಶದವರೇ. ಹಳೇ ಲೀಡ್‌ಸ್ಕ್ರೂ ಇದ್ದಾಗ ಕೈಚಕ್ರ ಬಿಟ್ಟರೂ ತಲೆ ಅಲ್ಲೇ ನಿಲ್ಲುತ್ತಿತ್ತು. ಮರೆಯ ತಿಕ್ಕಾಟವೇ ಅದನ್ನು ಹಿಡಿದಿರುತ್ತಿತ್ತು. ಬಾಲ್‌ಸ್ಕ್ರೂವಿನಲ್ಲಿ ಆ ತಿಕ್ಕಾಟ ಇಲ್ಲ, ನಟ್ಟನ್ನು ಒತ್ತಿದರೆ ಸ್ಕ್ರೂವೇ ತಿರುಗಿಬಿಡುತ್ತದೆ. ಅಷ್ಟು ನುಣುಪು ಇರುವುದರಿಂದಲೇ ಅದನ್ನು ಹಾಕುವುದು. ಆ ಭಾರದ ತಲೆಗೂ ಕೆಳಗಿನ ವೈಸಿಗೂ ನಡುವೆ ಕಾವಲಿದ್ದವರು ಮೋಟಾರಿನ ಹಿಡಿತ ಮತ್ತು ತಾವು, ಇಬ್ಬರೇ. ಮೋಟಾರು ಹಿಡಿದುಕೊಂಡೇ ಇತ್ತು. ತಾವು ಬಿಟ್ಟಿರಿ. ತಲೆ ಇಳಿಯಿತು. ಬೀಳಲಿಲ್ಲ, ಅಷ್ಟು ಅವಸರವೇನಿರಲಿಲ್ಲ. ಲಿಫ್ಟಿನಲ್ಲಿ ಸಾಹುಕಾರರು ಇಳಿದಂತೆ, ಸ್ಕ್ರೂವನ್ನು ತಿರುಗಿಸಿಕೊಳ್ಳುತ್ತ, ಕಟರಿನ ತುದಿಯನ್ನು ವೈಸಿನ ದವಡೆಯೊಳಕ್ಕೆ ಇಳಿಸಿತು. ಕಾರ್ಬೈಡು ಮುರಿಯುವ ಸದ್ದು ಸಣ್ಣದು. ಅಡುಗೆಮನೆಯಿಂದ "ಏನ್ರೀ ಅದು?" ಎಂದು ಮನೆಯವರು ಕೇಳಿದರು. ತಮ್ಮ ಗೌರವ ಉಳಿಸಲು "ಏನಿಲ್ಲ, ಬೆಕ್ಕು" ಎಂದೆ.

ತಮ್ಮ ವಂಶದ ಬಗ್ಗೆ ನನಗೆ ಅಗೌರವವಿಲ್ಲ. ಹೇಳಿಕೇಳಿ ಜಂಕ್ಷನ್ನಿನ ಊರಿನವನು, ಬೋಗಿಗಳನ್ನು ಜೋಡಿಸುವ ತಮ್ಮ ಹಿರಿಯಣ್ಣಂದಿರನ್ನು ನೋಡುತ್ತಲೇ ಬೆಳೆದವನು. ರೈಲು ಹೊರಡುವಾಗ ಅವರೂ ಒಮ್ಮೆ ಜಗ್ಗುತ್ತಾರೆ, ಪ್ರಯಾಣಿಕರ ಟೀ ಚೆಲ್ಲುತ್ತದೆ. ಆದರೆ ಅಣ್ಣಂದಿರು ಜಗ್ಗಿದರೂ ಬಿಟ್ಟುಕೊಡುವವರಲ್ಲ, ಹಿಂದಿನ ಬೋಗಿ ಬಾಣಾವರದಲ್ಲಿ ಉಳಿದು ಎಂಜಿನ್ನು ಮಾತ್ರ ಕಡೂರು ಸೇರಿತೆಂಬ ಸುದ್ದಿಯನ್ನು ನಾನು ಕೇಳಿಲ್ಲ. ಅದೇ ಹಳಿಯ ಒಂದು ತುದಿಯ ಬೆಂಗಳೂರಿನಲ್ಲಿ 1953ರಲ್ಲಿ ಶುರುವಾದ ಎಚ್‌ಎಂಟಿ ಲೇತುಗಳನ್ನು ಮಾಡಿತು, ಇನ್ನೊಂದು ಕಡೆ ಹರಿಹರದಲ್ಲಿ ಅದಕ್ಕೂ ಮೊದಲೇ ಮೈಸೂರು ಕಿರ್ಲೋಸ್ಕರ್ ಮಾಡುತ್ತಿತ್ತು. ಆ ಹಳೇ ಲೇತುಗಳ ಮೇಲೆ ಇವತ್ತೂ ನಮ್ಮ ಕಡೆಯ ಅಂಗಡಿಗಳು ಅನ್ನ ತಿನ್ನುತ್ತವೆ. ಅವುಗಳ ಕ್ರಾಸ್‌ಸ್ಲೈಡಿನ ಸ್ಕ್ರೂ ಸವೆದಿರಬಹುದು, ಸಡಿಲ ಇರಬಹುದು. ಕೈಚಕ್ರ ಮಾತ್ರ ಕೀಲಿ ಹಾಕಿ ನೇರ ಸ್ಕ್ರೂವಿನ ಮೇಲೇ ಕೂತಿದೆ. ಮೇಸ್ತ್ರಿ ಒಂದೇ ಕಡೆಯಿಂದ ತಿರುಗಿಸಿ ಸಡಿಲವನ್ನು ತೆಗೆದು ಅಳತೆಗೆ ಬರುತ್ತಾನೆ, ನಡುವೆ ಬೇರೆಯವರಿಲ್ಲ.

ಆದ್ದರಿಂದ ತಮ್ಮಲ್ಲಿ ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ, ಹಲ್ಲಿನ ಟೈಮಿಂಗ್ ಬೆಲ್ಟು ಮತ್ತು ಎರಡು ಪುಲ್ಲಿಗಳಿಗೆ ಆರ್ಡರು ಹಾಕಿದ್ದೇನೆ. ಮೋಟಾರು ಇನ್ನು ಮುಂದೆ ಸ್ಕ್ರೂವಿನ ಎದುರು ಮುಖ ಕೊಟ್ಟು ನಿಲ್ಲಬೇಕಿಲ್ಲ, ಪಕ್ಕಕ್ಕೆ ಕೂತರಾಯಿತು. ಸ್ಕ್ರೂವಿನ ಪುಲ್ಲಿ ಮೋಟಾರಿನದರ ಎರಡರಷ್ಟಿದ್ದರೆ ಬಲವೂ ಇಮ್ಮಡಿ, ವೇಗ ಅರ್ಧಕ್ಕೆ ಇಳಿಯುತ್ತದೆ, ನನಗೇನೂ ಅವಸರವಿಲ್ಲ. ಪುಲ್ಲಿಗೂ ತೂತಿದೆ, ಅದಕ್ಕೂ ಗ್ರಬ್ ಸ್ಕ್ರೂ ಇದೆ, ಇಷ್ಟರಲ್ಲೇ ಅವರಿಗೂ ಒಂದು ಪತ್ರ ಬರೆಯಬೇಕಾದೀತು ಎಂದು ತಾವು ಒಳಗೊಳಗೇ ನಗುತ್ತಿರುವುದು ಕೇಳಿಸುತ್ತಿದೆ. ಆದರೆ ಪುಲ್ಲಿಯಲ್ಲೂ ಸೀಳಿದ ಕತ್ತಿನದನ್ನೇ ಹೇಳಿದ್ದೇನೆ. ತೂತನ್ನು ನಾನೇ ರೀಮರ್ ಹಾಕಿ ತೆಗೆಯುತ್ತೇನೆ.

ತಮ್ಮ ದೀರ್ಘಕಾಲದ ಸೇವೆಯನ್ನು ಪರಿಗಣಿಸಿ ಈ ಕೆಳಕಂಡ ವರ್ಗಾವಣೆಗಳನ್ನು ಹೊರಡಿಸಲಾಗಿದೆ. ದೊಡ್ಡಪ್ಪ ಲವ್‌ಜಾಯ್ ಅವರು ನಮ್ಮ ಭಾವನವರ ತೋಟದ ಪಂಪಿಗೆ, ಅವರ ಸ್ವಂತ ಇಲಾಖೆಗೆ, ತಕ್ಷಣದಿಂದ ಜಾರಿಗೆ ಬರುವಂತೆ. ತಾವು ಮೊಳೆ ಮತ್ತು ವಾಷರುಗಳ ಡ್ರಾಯರಿಗೆ, ಮುಂದಿನ ಆದೇಶದವರೆಗೆ. ಪ್ರಯಾಣ ಭತ್ಯೆ ಇರುವುದಿಲ್ಲ.

ಇಂತಿ ತಮ್ಮ ಪಾದಸೇವಕ,
ಅರಸೀಕೆರೆಯ ಒಬ್ಬ ಮನೆ ಕಾರ್ಖಾನೆದಾರ

ವಿ.ಸೂ.: ತಮ್ಮ ಗ್ರಬ್ ಸ್ಕ್ರೂವಿನೊಳಗೆ 2 ಮಿ.ಮೀ. ಅಲೆನ್ ಕೀಯ ತುದಿ ಮುರಿದು ಕೂತಿದೆ. ಕೀ ಪಕ್ಕದ ಸೈಕಲ್ ಅಂಗಡಿಯವರದು. ಅವರು ದಿನಾ ಕೇಳುತ್ತಿದ್ದಾರೆ, ದಯವಿಟ್ಟು ಕಕ್ಕಬೇಕು.